ಹಳೆಯ ಅಚ್ಚು, ಹೊಸ ದೆವ್ವ

ಫೆಬ್ರವರಿ 3

ನಿರ್ಮಾಪಕರು ಬೆಳಿಗ್ಗೆಯೇ ಹೂಗುಚ್ಛ ಹಿಡಿದು ಮನೆಗೆ ಬಂದರು. ಹೂವು ನೋಡಿದ ಕೂಡಲೇ ನಾಯಕಿಯ ಪಾತ್ರವೇ ಇರಬೇಕೆಂದು ಅವರನ್ನು ಕೂರಿಸಿ, ಒಳಗೆ ಓಡಿ ತುಟಿಗೆ ಬಣ್ಣ ಬಳಿದುಕೊಂಡು ಬಂದೆ. ಕಿಟಕಿಗೆ ಬೆನ್ನು ಹಾಕಿ ಕೂತೆ. ಬೆಳಕು ಹಿಂದಿನಿಂದ ಬಂದರೆ ನನ್ನ ಮುಖ ಮೊದಲ ಚಿತ್ರದಲ್ಲಿದ್ದ ಹಾಗೆಯೇ ಕಾಣುತ್ತದೆ. ಇದು ಜಂಬವಲ್ಲ, ಕನ್ನಡಿಯೇ ಹೇಳುವ ಮಾತು.

“ಮೇಡಂ, ಭಯಾನಕ ಚಿತ್ರ ಮಾಡ್ತಿದ್ದೀವಿ. ಒಂದು ಹಳೇ ಸಣ್ಣಕಥೆ ಸಿಕ್ಕಿದೆ. ಕೋಟೆ, ಗಾಳಿ, ಮೇಣದಬತ್ತಿ, ಎಲ್ಲಾ ಇದೆ. ಇಡೀ ಚಿತ್ರ ನಿಂತಿರೋದೇ ನಿಮ್ಮ ಪಾತ್ರದ ಮೇಲೆ.”

“ಯಾವ ಪಾತ್ರ?”

“ದೆವ್ವ.”

ಅಡುಗೆಮನೆಯಲ್ಲಿ ಅಕ್ಕ ನಕ್ಕಳು. ಮೆಲ್ಲಗೆ ನಕ್ಕಿದ್ದರೆ ಸಹಿಸಬಹುದಿತ್ತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿರ್ಮಾಪಕರು ಅದು ಕೇಳಿಸದವರ ಹಾಗೆ ಕಾಫಿ ಕುಡಿದರು.

ದೆವ್ವವೆಂದರೆ ಮೊದಲ ಹೆಂಡತಿ. ಜಮೀನುದಾರ ಗಂಡ ಅವಳನ್ನು ಗೋಡೆಯೊಳಗೆ ನಿಲ್ಲಿಸಿ ಇಟ್ಟಿಗೆ ಕಟ್ಟಿಬಿಟ್ಟಿರುತ್ತಾನೆ. ಇಪ್ಪತ್ತು ವರ್ಷದ ಮೇಲೆ ಎರಡನೇ ಮದುವೆಯಾಗುತ್ತಾನೆ. ಆಗ ಗೋಡೆ ಬೀಳುತ್ತದೆ, ನಾನು ಹೊರಗೆ ಬರುತ್ತೇನೆ. ಗಂಡನ ಪಾತ್ರ ಯಾರದು ಎಂದು ಕೇಳಿದೆ. ವಿಗ್ಗಪ್ಪನದಂತೆ! ನನ್ನ ಜೊತೆ ಮರ ಸುತ್ತಿದವನು. ನನಗಿಂತ ದೊಡ್ಡವನು. ಅವನ ತಲೆಗೂದಲು ಉದುರಿದ್ದನ್ನು ಹತ್ತಿರದಿಂದ ಕಂಡವಳು ನಾನು, ಆ ಹೆಸರಿಟ್ಟವಳೂ ನಾನೇ. ಅವನಿಗೆ ಈಗಲೂ ಎರಡನೇ ಮದುವೆ, ನನಗೆ ಗೋಡೆ.

ಆಗಲ್ಲ ಅಂದುಬಿಡಬೇಕಿತ್ತು. ಆದರೆ ಎರಡು ವರ್ಷದಿಂದ ಈ ಮನೆಯ ಫೋನು ಅಕ್ಕನ ಹಳೆಯ ವಿದ್ಯಾರ್ಥಿನಿಯರು ಮಾಡಿದಾಗ ಮಾತ್ರ ಹೊಡೆದುಕೊಳ್ಳುತ್ತಿದೆ. ಈ ಚಿತ್ರವನ್ನೂ ಬಿಟ್ಟರೆ ಜನ ನನ್ನನ್ನು ಪೂರ್ತಿ ಮರೆತುಬಿಡುತ್ತಾರೆ. ಒಪ್ಪಿಕೊಂಡೆ. ಮುಖದ ಮೇಲೆ ಮುಖವಾಡ ಇರುತ್ತದೆ ಎಂದು ಅವರು ಹೇಳಿದ್ದು ಕೇಳಿ ಸ್ವಲ್ಪ ಸಮಾಧಾನವಾಯಿತು. ಕೊಳೆತ ಮುಖವಾದರೂ ಪರವಾಗಿಲ್ಲ, ನನ್ನದಲ್ಲದಿದ್ದರೆ ಸಾಕು.

ಫೆಬ್ರವರಿ 6

ಸ್ಟುಡಿಯೋದಲ್ಲಿ ಕಥೆ ಓದಿ ಹೇಳಿದರು. ನಿರ್ದೇಶಕ ಚಿಕ್ಕವನು, ಮಾತಾಡಿದರೆ ಪಕ್ಕದವರಿಗೂ ಕೇಳಿಸುವುದಿಲ್ಲ. ನಿರ್ಮಾಪಕರು ಅವನ ಪಾಲಿನದ್ದನ್ನೂ ಸೇರಿಸಿ ಕೂಗಿದರು.

ಸಂಜೆ ಅಕ್ಕನಿಗೆ ಎಲ್ಲಾ ವರದಿ ಒಪ್ಪಿಸಿದೆ. ಅವಳು ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದಳು. ಅಕ್ಕ ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತಳಾದವಳು, ಇಂಥ ಕೋಟೆ ಕತ್ತಲೆಯ ಕಥೆಗಳೆಂದರೆ ಊಟ ಬಿಟ್ಟು ಓದುತ್ತಾಳೆ.

“ಆ ಕಥೆ ನನ್ನ ಕಪಾಟಿನಲ್ಲೇ ಇದೆ. ಎಂಟೇ ಪುಟ. ಎರಡು ಗಂಟೆ ಹೇಗೆ ಎಳೀತಾರೆ?”

“ಕುಂಟ ಆಳು ಒಬ್ಬನನ್ನ ಸೇರಿಸಿದ್ದಾರೆ. ಬಾವಲಿಗಳಿವೆ. ಒಂದು ಬಿರುಗಾಳಿ.”

“ಇನ್ನೂ?”

“ಸಮಾಧಿಗಳ ಮಧ್ಯೆ ಒಂದು ಯುಗಳಗೀತೆ.”

“ಕಥೆಯಲ್ಲಿ ಕೋಟೆಯೇ ಇಲ್ಲ ಕಣೇ. ಒಂದು ಮನೆ, ಒಂದು ಗೋಡೆ, ಅಷ್ಟೇ.”

“ರಾಜರ ಚಿತ್ರ ಮುಗಿದು ಕೋಟೆಯ ಸೆಟ್ ಹಾಗೇ ನಿಂತಿದೆಯಂತೆ. ಅದಕ್ಕೇ ಕೋಟೆ.”

ಅಕ್ಕ ಪುಸ್ತಕ ತಂದು ನನ್ನ ಮುಂದಿಟ್ಟಳು. ಓದು ಅಂದಳು. ದೆವ್ವಕ್ಕೆ ಒಂದು ಮಾತೂ ಇಲ್ಲದ ಮೇಲೆ ಓದಿ ಏನಾಗಬೇಕು? ನನ್ನ ಕೆಲಸ ನಡೆಯುವುದು, ನೋಡುವುದು. ಒಂದು ಕಾಲಕ್ಕೆ ನನ್ನ ಒಂದೊಂದು ಸಂಭಾಷಣೆಗೂ ಶಿಳ್ಳೆ ಬೀಳುತ್ತಿತ್ತು.

ಬರೆಯಬಾರದೆಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಎರಡನೇ ಹೆಂಡತಿಯ ಪಾತ್ರ ಮಾಡುವ ಹುಡುಗಿ ಗೊಂಬೆಯ ಹಾಗಿದ್ದಾಳೆ. ಕಣ್ಣು ಪಿಳಿಪಿಳಿ, ತಲೆಯೊಳಗೆ ಹತ್ತಿ. ಎಲ್ಲರ ಮುಂದೆ ನನ್ನನ್ನು “ಆಂಟಿ” ಎಂದು ಕರೆದಳು. ಮೈಯೆಲ್ಲ ಉರಿದುಹೋಯಿತು. ವಿಗ್ಗಪ್ಪನನ್ನು ಮಾತ್ರ “ಸರ್” ಅಂದಳು.

ಫೆಬ್ರವರಿ 11

ಸ್ಟುಡಿಯೋದಲ್ಲಿ ಮೇಕಪ್ ಮೇಷ್ಟ್ರು ನನ್ನ ಮುಖದ ಅಳತೆಗೆ ಬಂದರು. ಮುಖವಾಡ ಸರಿಯಾಗಿ ಕೂರಬೇಕಾದರೆ ಮೊದಲು ಮುಖದ ಅಚ್ಚು ತೆಗೆಯಬೇಕು. ಮೂಗಿಗೆ ಎರಡು ಕೊಳವೆ ಸಿಕ್ಕಿಸಿ, ಮುಖವೆಲ್ಲ ಗಾರೆ ಮೆತ್ತಿ, ಅದು ಗಟ್ಟಿಯಾಗುವ ತನಕ ಹೆಣದ ಹಾಗೆ ಮಲಗಬೇಕು. ಆಮೇಲೆ ಅಚ್ಚಿನಿಂದ ಒಂದು ಗಾರೆಯ ಮುಖ ಎರಕ ಹೊಯ್ದು, ಅದರ ಮೇಲೆ ರಬ್ಬರಿನ ಮುಖವಾಡ ಮಾಡುತ್ತಾರೆ. ನಾಯಕಿಯಾಗಿದ್ದ ಕಾಲದಲ್ಲಿ ಒಂದು ಚಿತ್ರಕ್ಕೆ ಸುಟ್ಟ ಗಾಯ ಅಂಟಿಸಲು ನನಗೂ ಹೀಗೆ ಮಾಡಿದ್ದರು. ಆ ಅಚ್ಚು ಸ್ಟುಡಿಯೋದ ಅಟ್ಟದಲ್ಲಿ ಇನ್ನೂ ಇದೆಯಂತೆ.

“ಹೊಸದಾಗಿ ತೆಗೀಬೇಕು ಮೇಡಂ. ಮುಖ ಬದಲಾಗಿರುತ್ತೆ,” ಅಂದರು ಮೇಷ್ಟ್ರು.

“ಯಾರ ಮುಖ?”

“ಅಲ್ಲ, ಅಂದರೆ, ಸಾಮಾನ್ಯವಾಗಿ...”

“ಸಾಮಾನ್ಯರದ್ದು ಬದಲಾಗುತ್ತೆ. ನಂದು ಒಂದು ಕೂದಲೆಳೆಯಷ್ಟೂ ಬದಲಾಗಿಲ್ಲ. ಹಳೇ ಅಚ್ಚಲ್ಲೇ ಮಾಡಿ.”

ಮೇಷ್ಟ್ರು ಬೆವರು ಒರೆಸಿಕೊಂಡು ಹೂಂ ಅಂದರು. ನನ್ನ ಮಾತನ್ನು ಅವರು ಒಪ್ಪಿಕೊಂಡಿದ್ದಕ್ಕೆ ಮನಸ್ಸಿಗೆ ತುಂಬಾ ಹಿತವಾಯಿತು. ಬರುವ ದಾರಿಯಲ್ಲಿ ಹಾಡು ಗುನುಗಿಕೊಂಡೇ ಬಂದೆ. ಮನೆಗೆ ಬಂದು ಕೂದಲಿಗೆ ಬಣ್ಣ ಹಚ್ಚಿದೆ.

ಫೆಬ್ರವರಿ 19

ಮುಖವಾಡ ಬಂತು. ಅಬ್ಬಾ! ಕೆನ್ನೆಯಲ್ಲಿ ತೂತು, ಹಲ್ಲು ಹೊರಗೆ, ಹುಬ್ಬಿನ ಮೇಲೆ ಹುಳು. ಹುಳುವೂ ರಬ್ಬರಿನದೇ ಎಂದು ತಿಳಿಯುವ ಮೊದಲೇ ನಿರ್ಮಾಪಕರು ಕುರ್ಚಿ ಬಿಟ್ಟು ಎದ್ದಿದ್ದರು. ಹಾಕಿಕೊಂಡು ಕಾರಿಡಾರಿನಲ್ಲಿ ಓಡಾಡಿದೆ. ಲೆಕ್ಕಪತ್ರದವನು ಬಾಗಿಲು ಹಾಕಿಕೊಂಡ.

ಒಂದೇ ತೊಂದರೆ. ಸ್ವಲ್ಪ ಹೊತ್ತಿಗೆ ದವಡೆಯ ಹತ್ತಿರ ಅಂಟು ಬಿಟ್ಟುಕೊಂಡಿತು. ಕಣ್ಣಿನ ತೂತು ಒಂದು ಕಡೆ, ನನ್ನ ಕಣ್ಣು ಇನ್ನೊಂದು ಕಡೆ. ಅಂಟು ಕಳಪೆ, ಬೇರೆ ತರಿಸಿ ಎಂದು ಮೇಷ್ಟ್ರಿಗೆ ಗದರಿದೆ.

ಫೆಬ್ರವರಿ 22

ಬೇರೆ ಅಂಟು. ಅದೂ ಕಳಪೆ.

ಫೆಬ್ರವರಿ 24

ಗೊಂಬೆಗೆ ಕಿರುಚಲು ಬರುವುದಿಲ್ಲ! ಭಯಾನಕ ಚಿತ್ರದ ನಾಯಕಿ, ಕಿರುಚಲು ಬಾಯಿ ತೆರೆದರೆ ಬಾಗಿಲ ತಿರುಗಣಿಗೆ ಎಣ್ಣೆ ಹಾಕಬೇಕು ಅನ್ನಿಸುವ ಸದ್ದು ಬರುತ್ತದೆ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಒಂದೇ ಶಾಟ್. ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದರು, ವಿಗ್ಗಪ್ಪ ಗಡಿಯಾರ ನೋಡುತ್ತಿದ್ದ. ಹುಡುಗಿ ಕೋಟೆಯ ಮೆಟ್ಟಿಲ ಹಿಂದೆ ಹೋಗಿ ಅಳುತ್ತಾ ಕೂತಳು.

ನನಗೇನಾಗಬೇಕಿತ್ತು? ಆದರೂ ಹೋದೆ. ಆ ಅಳುವನ್ನು ಕೇಳಿಕೊಂಡು ಊಟ ಮಾಡುವುದು ಹೇಗೆ?

“ಗಂಟಲಿಂದ ಕಿರುಚಬೇಡ. ಹೊಟ್ಟೆಯಿಂದ ತೆಗಿ. ಯಾರಿಗೆ ಹೆದರ್ತೀಯ ನೀನು?”

“ಎಲ್ಲರಿಗೂ ಹೆದರ್ತೀನಿ ಆಂಟಿ. ನಾಳೆ ಇನ್ನೊಬ್ಬಳನ್ನ ಕರ್ಕೊಂಡು ಬರ್ತಾರೇನೋ ಅಂತ ನಿದ್ದೆಯೇ ಬರಲ್ಲ.”

“ಬಂದೇ ಬರ್ತಾಳೆ. ಅವಳು ಬಂದಾಗ ನೀನು ಹೇಗೆ ಕಿರುಚ್ತೀಯ, ಈಗಲೇ ಕಿರುಚು.”

ಕಿರುಚಲಿಲ್ಲ, ನಕ್ಕುಬಿಟ್ಟಳು. ಅವಳನ್ನು ನೋಡಿ ನನಗೂ ನಗು ಬಂತು. ಊಟ ಹಂಚಿಕೊಂಡೆವು. ಬಡಪಾಯಿ, ಮನೆಯಿಂದ ಒಣ ಬ್ರೆಡ್ಡು ತರುತ್ತಾಳೆ, ದಪ್ಪಗಾದರೆ ಪಾತ್ರ ಹೋಗುತ್ತದಂತೆ. ನಾಳೆ ಅಕ್ಕನಿಗೆ ಹೇಳಿ ಒಂದು ಡಬ್ಬಿ ಜಾಸ್ತಿ ಕಟ್ಟಿಸಬೇಕು.

ಫೆಬ್ರವರಿ 27

ಇವತ್ತು ಅಟ್ಟಕ್ಕೆ ಹೋದೆ. ಮುಖವಾಡ ಯಾಕೆ ಕೂರುತ್ತಿಲ್ಲ ಎಂದು ಮೇಷ್ಟ್ರನ್ನು ಕೇಳಿ ಕೇಳಿ ಸಾಕಾಗಿತ್ತು. ಅವರು ನನ್ನ ಕಣ್ಣು ತಪ್ಪಿಸಿ ಬಾಟಲಿಯ ಮುಚ್ಚಳ ತಿರುಗಿಸುತ್ತಾರೆ.

ಅಟ್ಟದ ತುಂಬ ಸಾಲಾಗಿ ಗಾರೆಯ ಮುಖಗಳು. ಎಲ್ಲರೂ ಕಣ್ಣು ಮುಚ್ಚಿದ್ದಾರೆ. ನನ್ನದನ್ನು ಎತ್ತಿಕೊಂಡು ಕಿಟಕಿಯ ಬಳಿ ತಂದೆ. ಒಂದು ಕೈಯಲ್ಲಿ ಅದರ ಕೆನ್ನೆ ಮುಟ್ಟಿದೆ, ಇನ್ನೊಂದು ಕೈಯಲ್ಲಿ ನನ್ನದು. ಅದರದ್ದು ಮೇಲಿದೆ, ನನ್ನದು ಕೆಳಗಿಳಿದಿದೆ. ಅದಕ್ಕೆ ಒಂದೇ ಗದ್ದ, ನನಗೆ ಎರಡು.

ಅಂಟಿನ ತಪ್ಪೇನೂ ಇಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಏನೆಂದು ಹೇಳಲಿ? ಜಂಬ ಕೊಚ್ಚಿಕೊಂಡವಳು ನಾನೇ. ಗೋಡೆ ಬೀಳುವ ದೃಶ್ಯ ಒಂದೇ ಬಾಕಿ. ಮೇಷ್ಟ್ರಿಗೆ ಅಂಟು ಎರಡು ಪಟ್ಟು ಹಾಕಲು ಹೇಳಿದ್ದೇನೆ.

ಮಾರ್ಚ್ 2

ಆದದ್ದನ್ನು ಆದ ಹಾಗೆ ಬರೆದುಬಿಡುತ್ತೇನೆ.

ಗೋಡೆ ಒಂದೇ, ಬೀಳುವುದೂ ಒಂದೇ ಸಲ. ಕೋಟೆಯ ಸೆಟ್ಟನ್ನು ನಾಳೆ ಬೇರೆ ಚಿತ್ರದವರಿಗೆ ಬಿಟ್ಟುಕೊಡಬೇಕು. ನನ್ನನ್ನು ಒಳಗೆ ನಿಲ್ಲಿಸಿ ಗಾರೆಯ ಇಟ್ಟಿಗೆ ಕಟ್ಟಿದರು. ಒಳಗೆ ಬೇಯುವಷ್ಟು ಸೆಕೆ. ಬೆವರು ಕೂದಲಿನಿಂದ ಇಳಿದು ಮುಖವಾಡದೊಳಗೆ ಹರಿಯುತ್ತಿತ್ತು. ಹೊರಗೆ ಗೊಂಬೆ ಮೇಣದಬತ್ತಿ ಹಿಡಿದು ನಡೆಯುವುದು, ವಿಗ್ಗಪ್ಪ ಅವಳ ಹಿಂದೆ ಬರುವುದು ಕೇಳಿಸುತ್ತಿತ್ತು. ಹಗ್ಗ ಎಳೆದರು. ಇಟ್ಟಿಗೆಗಳು ಧಡಧಡನೆ ಬಿದ್ದವು. ಮುಖಕ್ಕೆ ಏನೋ ತಾಗಿತು, ತಣ್ಣಗೆ ಗಾಳಿ ಬೀಸಿತು. ಎಂಥಾ ಹಾಯ್ ಅನ್ನಿಸಿತು! ಅದು ಯಾಕೆಂದು ಯೋಚಿಸಲು ಪುರುಸೊತ್ತಿರಲಿಲ್ಲ.

ನಡೆದೆ. ವಿಗ್ಗಪ್ಪನ ಹತ್ತಿರ ಹೋಗಿ ನಿಂತು ಅವನ ಮುಖ ನೋಡಿದೆ. ಅವನು ಹಿಂದೆ ಸರಿಯಬೇಕಿತ್ತು, ಸರಿದ. ಆದರೆ ಅವನ ಬಾಯಿಂದ ಬರೆದಿಲ್ಲದ ಮಾತು ಬಂತು.

“ನೀನಾ?”

ಆಮೇಲೆ ಗೊಂಬೆ ಕಿರುಚಿದಳು. ಹೊಟ್ಟೆಯಿಂದಲೇ ಕಿರುಚಿದಳು. ಮೇಲೆ ದೀಪ ಹಿಡಿದವನು ಹಿಂದೆ ಸರಿದು ನೆರಳೆಲ್ಲ ಅಲ್ಲಾಡಿತು. ನಿರ್ದೇಶಕ ಕಟ್ ಅಂದಿದ್ದು ಯಾರಿಗೂ ಕೇಳಿಸಲಿಲ್ಲ.

ಇಷ್ಟು ವರ್ಷದಲ್ಲಿ ಇಂಥ ನಟನೆ ಮಾಡಿರಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಾ ತಿರುಗಿ ನೋಡಿದರೆ, ಇಟ್ಟಿಗೆ ಪುಡಿಯ ಮಧ್ಯೆ ಮುಖವಾಡ ಬಿದ್ದಿದೆ. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ಹಾಗಾದರೆ ಇವರೆಲ್ಲ ನೋಡಿದ್ದು ನನ್ನ ಮುಖ. ಅಂಟಿನ ಕಲೆ, ಇಳಿದ ಬಣ್ಣ, ತಲೆಯ ತುಂಬ ಗಾರೆಯ ಬಿಳಿ, ಎಲ್ಲಾ ಸೇರಿದ ನನ್ನದೇ ಮುಖ. ಅದನ್ನು ನೋಡಿ ಕಿರುಚಿದ್ದು.

ಯಾರ ಜೊತೆಯೂ ಮಾತಾಡದೆ ಮನೆಗೆ ಬಂದೆ. ಅಕ್ಕ ಏನಾಯಿತೆಂದು ಕೇಳಿದಳು. ಮಗುವಿನ ಹಾಗೆ ಅತ್ತುಬಿಟ್ಟೆ.

ಮಾರ್ಚ್ 3

ಕೋಣೆಯಿಂದ ಹೊರಗೆ ಬರಲಿಲ್ಲ. ಅಕ್ಕ ಊಟ ತಂದಿಟ್ಟಳು. ತಟ್ಟೆಯ ಪಕ್ಕದಲ್ಲಿ ಆ ಪುಸ್ತಕವನ್ನೂ ಇಟ್ಟಳು. ಉಪಾಧ್ಯಾಯಿನಿಯ ಬುದ್ಧಿ ಎಲ್ಲಿ ಹೋಗುತ್ತದೆ?

ಮಾರ್ಚ್ 4

ನಿರ್ದೇಶಕ ಬಂದಿದ್ದ. ಕೂರು ಅಂದರೂ ನಿಂತೇ ಇದ್ದ. ಅಕ್ಕ ಅವನಿಗೆ ಶಾಲೆಯ ದನಿಯಲ್ಲಿ “ಜೋರಾಗಿ ಮಾತಾಡಪ್ಪ” ಅಂದಳು. ಆಮೇಲೆ ಕೇಳಿಸಿತು.

“ನಿರ್ಮಾಪಕರು ಆ ಶಾಟ್ ಬೇಡ ಅಂತಿದ್ದಾರೆ. ಗೋಡೆಯ ಒಂದು ತುಂಡು ಉಳಿಸ್ಕೊಂಡಿದ್ದೀವಿ. ಅದರ ಮುಂದೆ ಮುಖವಾಡ ಹಾಕಿ ನಿಮ್ಮ ಮುಖ ಮಾತ್ರ ಇನ್ನೊಂದ್ಸಲ ತೆಗೆದು ಸೇರಿಸಬಹುದು. ಮುಖವಾಡವನ್ನ ಈ ಸಲ ಸರಿ ಮಾಡ್ತಾರೆ.”

“ನೀನೇನಂತೀಯ?” ಎಂದು ಕೇಳಿದೆ.

“ನನಗೆ ಆ ಶಾಟೇ ಬೇಕು. ಆದರೆ ಮುಖ ನಿಮ್ಮದು. ನೀವು ಬೇಡ ಅಂದರೆ ನಾನೇ ಕೈಯಾರೆ ಕತ್ತರಿಸ್ತೀನಿ. ಭಾನುವಾರದೊಳಗೆ ಹೇಳಿ.”

ಇವನಿಗೇನು ಗೊತ್ತು? ಆ ಮುಖವನ್ನು ಊರೆಲ್ಲ ನೋಡಿದರೆ ನನಗೆ ನಾಯಕಿಯ ಪಾತ್ರ ಇನ್ನು ಕನಸಿನಲ್ಲೂ ಸಿಗುವುದಿಲ್ಲ. ಬಾಗಿಲು ಮುಚ್ಚಿದಂತೆಯೇ. ಬೇಡ ಎಂದು ಹೇಳಬೇಕೆಂದು ಗಟ್ಟಿ ಮಾಡಿಕೊಂಡೆ.

ಮನಸ್ಸು ಬೇರೆ ಕಡೆ ತಿರುಗಲಿ ಎಂದು ಪುಸ್ತಕ ಎತ್ತಿಕೊಂಡೆ. ಅಕ್ಕ ಹೇಳಿದ್ದು ನಿಜ. ಕೋಟೆಯಿಲ್ಲ, ಬಾವಲಿಯಿಲ್ಲ, ಹಾಡಂತೂ ಇಲ್ಲವೇ ಇಲ್ಲ. ಗೋಡೆ ಬೀಳುತ್ತದೆ. ಗಂಡ ದೀಪ ಎತ್ತಿ ಹಿಡಿದು ಎಲುಬೋ ಕೊಳೆತ ದೇಹವೋ ಕಾಣುತ್ತದೆಂದು ನೋಡುತ್ತಾನೆ. ಕೊನೆಯ ಸಾಲುಗಳನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ:

‘ಅವಳು ಕೊಳೆತಿರಲಿಲ್ಲ. ಅವಳಿಗೆ ವಯಸ್ಸಾಗಿತ್ತು, ಅಷ್ಟೇ. ಅವನು ಅವಳಿಂದ ಕಿತ್ತುಕೊಂಡಿದ್ದ ವರ್ಷಗಳನ್ನೆಲ್ಲ ಅವಳು ಗೋಡೆಯೊಳಗೇ ಬದುಕಿ ಬಂದಿದ್ದಳು.’

ಎರಡು ಸಲ ಓದಿದೆ. ಎಂಟು ಪುಟ ಬರೆದ ಪುಣ್ಯಾತ್ಮರಿಗೆ ಗೊತ್ತಿದ್ದದ್ದು ಎರಡು ಗಂಟೆಯ ಚಿತ್ರ ಮಾಡುವವರಿಗೆ ತಿಳಿಯಲಿಲ್ಲವಲ್ಲ. ಹುಳು ಅಂಟಿಸುತ್ತಾರೆ, ಹುಳು!

ಅಕ್ಕ ಬಾಗಿಲಲ್ಲಿ ನಿಂತಿದ್ದಳು.

“ಓದಿದೆಯಾ?”

“ಓದಿದೆ.”

“ಯಾರಿಗೆ ಹೆದರಿದ ಹೇಳು ಅವನು?”

“ಪರೀಕ್ಷೆ ಮಾಡ್ಬೇಡ ಅಕ್ಕ, ನಿದ್ದೆ ಬರ್ತಿದೆ,” ಅಂದು ಮುಸುಕೆಳೆದೆ.

ಮಾರ್ಚ್ 6

ಸ್ಟುಡಿಯೋದ ಚಿಕ್ಕ ಕೋಣೆಯಲ್ಲಿ ಆ ಶಾಟ್ ಹಾಕಿ ತೋರಿಸಲು ಹೇಳಿದೆ. ನಿರ್ಮಾಪಕರು, ನಿರ್ದೇಶಕ, ಮೇಷ್ಟ್ರು, ಹುಡುಗಿ, ಎಲ್ಲರೂ ಇದ್ದರು. ಹುಡುಗಿ ನನ್ನ ಪಕ್ಕ ಬಂದು ಕೂತಳು. “ಆಂಟಿ, ನಾನು ನಿಮ್ಮನ್ನ ನೋಡಿ ಹೆದರಿದ್ದಲ್ಲ, ಆಣೆ. ನೀವು ಸರ್ ಮುಖ ನೋಡಿದ ರೀತಿ ಇತ್ತಲ್ಲ, ಅದಕ್ಕೆ,” ಅಂದಳು. ಅವಳ ಕೈ ತಣ್ಣಗಿತ್ತು, ಹಿಡಿದುಕೊಂಡು ಕೂತೆ.

ಪರದೆಯ ಮೇಲೆ ಗೋಡೆ ಬಿತ್ತು. ನಾನು ಬೆರಳ ಸಂದಿಯಲ್ಲಿ ನೋಡಿದೆ, ಅದೂ ಅರ್ಧಂಬರ್ಧ. ದೀಪ ಹತ್ತಿತು.

“ವಯಸ್ಸಾದ ಹೆಂಗಸನ್ನ ನೋಡಿ ಯಾರು ಹೆದರ್ತಾರೆ ಮೇಡಂ?” ಅಂದರು ನಿರ್ಮಾಪಕರು.

“ಆವತ್ತು ನೀವೇ ಕುರ್ಚಿ ಸಮೇತ ಹಿಂದೆ ಬಿದ್ದಿರಂತಲ್ಲ?”

“ಅದು... ಧೂಳು ಬಂತು.”

“ಹಾಗಾದರೆ ಧೂಳನ್ನೂ ಚಿತ್ರದಲ್ಲಿ ಇಡಿ. ನನ್ನ ಮುಖವನ್ನೂ ಇಡಿ. ಮುಖವಾಡ ಬೇಡ.”

ನನ್ನ ಬಾಯಿಂದ ಈ ಮಾತು ಬಂದಿದ್ದು ಕೇಳಿ ನನಗೇ ದಿಗಿಲಾಯಿತು. ಬೇಡ ಎನ್ನಲು ಹೋದವಳು ನಾನು. ಕಥೆ ಹಾಳಾಗಬಾರದು ಎಂಬ ಒಂದೇ ಕಾರಣಕ್ಕೆ ಹಾಗೆ ಹೇಳಿದೆ, ಬೇರೇನೂ ಅಲ್ಲ. ನಿರ್ದೇಶಕ ಮೊದಲ ಸಲ ಎಲ್ಲರಿಗೂ ಕೇಳಿಸುವ ಹಾಗೆ ಥ್ಯಾಂಕ್ಸ್ ಅಂದ. ಸಮಾಧಿಯ ಯುಗಳಗೀತೆಯನ್ನೂ ತೆಗೆಯಿರಿ ಎಂದು ಕೇಳಿದೆ. ಅದು ಮಾತ್ರ ಆಗಲ್ಲ, ವಿಗ್ಗಪ್ಪ ಪ್ರಾಣ ಬಿಡುತ್ತಾನೆ ಎಂದರು.

ಮೇಷ್ಟ್ರು ಹೊರಗೆ ಬಂದು “ನನ್ನದೇ ತಪ್ಪು ಮೇಡಂ, ಹೊಸ ಅಚ್ಚು ತೆಗೀಬೇಕಿತ್ತು” ಅಂದರು. ಈಗ ತೆಗೆಯಿರಿ, ಮುಂದೆ ಬೇಕಾಗಬಹುದು ಅಂದೆ. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದಾಗ ಚೆನ್ನಾಗಿ ನಿದ್ದೆ ಬಂತು.

ಏಪ್ರಿಲ್ 9

ಪತ್ರಿಕೆಯವನೊಬ್ಬ ಮನೆಗೆ ಬಂದು ಮಾತಾಡಿಸಿದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತಂಗಾಳಿ ಬರುತ್ತಿತ್ತು, ಮುಖಕ್ಕೆ ಬಿಸಿಲು ಬಿದ್ದರೂ ಅಲ್ಲೇ ಕೂತೆ. ವಯಸ್ಸು ಕೇಳಿದ. ಹೇಳಿದೆ. ಒಳಗಿನಿಂದ ಅಕ್ಕ “ಒಂದು ವರ್ಷ ಜಾಸ್ತಿ ಹೇಳಿದೆ ಕಣೇ” ಎಂದು ಕೂಗಿದಳು. ಇಷ್ಟು ದಿನ ಸುಳ್ಳು ಹೇಳಿ ಹೇಳಿ ಸರಿಯಾದ ಲೆಕ್ಕವೇ ತಪ್ಪಿಹೋಗಿದೆ.

ಏಪ್ರಿಲ್ 18

ಚಿತ್ರ ಬಿಡುಗಡೆಯಾಯಿತು. ಅಕ್ಕನೂ ನಾನೂ ಮಧ್ಯಾಹ್ನದ ಆಟಕ್ಕೆ ಹೋಗಿ, ಯಾರಿಗೂ ಕಾಣದ ಹಾಗೆ ಹಿಂದೆ ಕೂತೆವು. ಜನ ತುಂಬಿದ್ದರು. ಬಾವಲಿಗೆ ನಕ್ಕರು. ಯುಗಳಗೀತೆಗೆ ಎದ್ದು ಹೊರಗೆ ಹೋದರು, ಅಕ್ಕನೂ ಹೋಗಿ ಕಡಲೆಬೀಜ ತಂದಳು. ನನಗೆ ಮಾತ್ರ ಒಂದೇ ಚಿಂತೆ. ಗೋಡೆಯ ದೃಶ್ಯಕ್ಕೂ ನಕ್ಕರೆ ಏನು ಮಾಡುವುದು? ಕಿರುಚಲಿ, ಬೈಯಲಿ, ನಗಬಾರದು.

ಗೋಡೆ ಬಿತ್ತು. ನಾನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ. ಇಡೀ ಚಿತ್ರಮಂದಿರದಲ್ಲಿ ಸದ್ದಿಲ್ಲ, ಕಡಲೆಬೀಜದ ಸದ್ದೂ ಇಲ್ಲ. “ನೀನಾ?” ಎಂದು ವಿಗ್ಗಪ್ಪ ಕೇಳಿದ್ದು ಕೇಳಿಸಿತು. ಮುಂದಿನ ಸಾಲಿನಲ್ಲಿ ಯಾರೋ ಕಿರುಚಿದರು, ಆಮೇಲೆ ಒಬ್ಬರನ್ನು ನೋಡಿ ಒಬ್ಬರು, ಎಲ್ಲರೂ ಕಿರುಚಿದರು. ಗಂಡಸರ ದನಿಯೇ ಜಾಸ್ತಿ. ಗೆದ್ದೆ ಎನ್ನಿಸಿತು. ಆದರೂ ಕೈ ತೆಗೆಯಲು ಧೈರ್ಯ ಬರಲಿಲ್ಲ.

ಅಕ್ಕ ಕಿರುಚಲಿಲ್ಲ. ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಪುಟ್ಟೀ, ಕೈ ತೆಗೆದು ನೋಡು. ಅಮ್ಮ.”

ನನಗೆ ಅಮ್ಮನ ಮುಖ ನೆನಪಿಲ್ಲ. ಅಮ್ಮ ತೀರಿಕೊಂಡಾಗ ಈ ಗೊಂಬೆಗಿಂತ ತುಸು ದೊಡ್ಡವಳಿದ್ದಳೇನೋ. ನಾನಿನ್ನೂ ತೊಟ್ಟಿಲಲ್ಲಿದ್ದೆ, ಅಕ್ಕ ಶಾಲೆಗೆ ಹೋಗುವ ಹುಡುಗಿ. ಅಂದಿನಿಂದ ನನ್ನನ್ನು ಎತ್ತಿ ಬೆಳೆಸಿದವಳು ಅವಳೇ. ಅವಳು ಅಮ್ಮನ ಬಗ್ಗೆ ಹೆಚ್ಚು ಮಾತಾಡಿದವಳಲ್ಲ, ನಾನೂ ಕೇಳಿದವಳಲ್ಲ.

“ಅಮ್ಮನಿಗೆ ವಯಸ್ಸಾಗಿದ್ದಿದ್ದರೆ ಹೀಗೇ ಇರ್ತಿದ್ದಳು,” ಅಂದಳು ಅಕ್ಕ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕ ಅಳುವುದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಕೈ ತೆಗೆದೆ. ಪರದೆಯ ತುಂಬ ಅವಳ ಮುಖ. ಇಳಿದ ಕೆನ್ನೆ, ಎರಡು ಗದ್ದ, ಕಣ್ಣಿನ ಸುತ್ತ ಗೆರೆ, ತಲೆಯ ತುಂಬ ಬಿಳಿ. ಸುತ್ತಲೂ ಜನ ಕುರ್ಚಿ ಹಿಡಿದು ಕಿರುಚುತ್ತಿದ್ದರು. ನಾವಿಬ್ಬರೂ ಸುಮ್ಮನೆ ನೋಡುತ್ತಾ ಕೂತೆವು.

ದೀಪ ಹತ್ತಿದ ಮೇಲೂ ಅಕ್ಕ ಏಳಲಿಲ್ಲ. ಮುಂದಿನ ಆಟಕ್ಕೂ ಇರೋಣವೇ ಎಂದು ಕೇಳಿದಳು. ಇದ್ದೆವು. ಈ ಸಲ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕೂತೆವು.